ಬಿಸಿಲಿಗೆ ಹಿಡಿದ ಬಣ್ಣ

"ಆ ಪರದೆ ಸ್ವಲ್ಪ ಸರಿಸ್ತೀರಾ ಸಿಸ್ಟರ್? ಈ ಬೆಳಕಲ್ಲಿ ನನಗೇನೂ ಗೊತ್ತಾಗಲ್ಲ," ಎಂದ ಬಣ್ಣಗಾರ.

ನೂಲಿಗೆ ಬಣ್ಣ ಹಾಕುವವನು ಅವನು. ಕರೆಂಟಿನ ಬೆಳಕಿನಲ್ಲಿ ನೋಡಿ ಬಣ್ಣ ಒಪ್ಪಿದವನೇ ಅಲ್ಲ. ನೂಲನ್ನು ಬಿಸಿಲಿಗೆ ಎತ್ತಿ ಹಿಡಿದ ಮೇಲೆಯೇ ತೀರ್ಮಾನ. ಈಗ ಹಸಿರು ಪರದೆಯ ಮಬ್ಬಿನಲ್ಲಿ, ಎದೆಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದ ಮಗಳ ತುಟಿ ಮೊದಲಿನಂತೆಯೇ ಕಪ್ಪಿಟ್ಟ ಹಾಗೆ ಕಂಡು ಅವನ ಜೀವ ಬಾಯಿಗೆ ಬಂದಿತ್ತು. ಆಪರೇಷನ್ ಚೆನ್ನಾಗಿ ಆಗಿದೆ ಎಂದು ಡಾಕ್ಟರಮ್ಮ ಹೇಳಿದ್ದರು, ನಿಜ. ಆದರೂ ಕಣ್ಣು ಒಪ್ಪಬೇಕಲ್ಲ.

ಆ ಕಣ್ಣು ಒಮ್ಮೆ ಮೋಸ ಹೋಗಿತ್ತು. ಅಪ್ಪನ ಉಗುರು ನೀಲಿ, ಮಗಳದೂ ನೀಲಿ. ಬಣ್ಣಗಾರರ ಮನೆಯಲ್ಲಿ ಅದೇನು ವಿಶೇಷ? ತೊಟ್ಟಿಗೆ ಕೈ ಹಾಕಿದ್ದಾಳೆಂದು ತಾಯಿ ಗದರಿ, ಸೋಪು ಹಚ್ಚಿ ತಿಕ್ಕಿದ್ದೇ ತಿಕ್ಕಿದ್ದು. ನಾಲ್ಕು ಹೆಜ್ಜೆ ಓಡಿದರೆ ಸಾಕು, ಮಗು ಕುಕ್ಕರಗಾಲಲ್ಲಿ ಕೂತು ಏದುಸಿರು ಬಿಡತೊಡಗಿದ ಮೇಲೆಯೇ ಆಸ್ಪತ್ರೆಯ ದಾರಿ ಹಿಡಿದದ್ದು. ಆ ತಿಕ್ಕಿದ್ದನ್ನು ಇಬ್ಬರೂ ಇನ್ನೂ ಮರೆತಿರಲಿಲ್ಲ.

ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದ್ದರು. ಮೈಯೆಲ್ಲ ಸುತ್ತಿ ಬಳಲಿ ಬಂದ ರಕ್ತವನ್ನು ಹೃದಯ ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ಗಾಳಿ ಕುಡಿದು ಕೆಂಪಾಗಿ ಅದು ಹೃದಯಕ್ಕೆ ಮರಳುತ್ತದೆ, ಮತ್ತೆ ಮೈಗೆ ಹೊರಡುತ್ತದೆ. ಇವಳಿಗೆ ಶ್ವಾಸಕೋಶದ ದಾರಿಯೇ ಇಕ್ಕಟ್ಟು, ಹೃದಯದ ಗೋಡೆಯಲ್ಲಿ ತೂತು ಬೇರೆ. ಒಂದಷ್ಟು ರಕ್ತ ಗಾಳಿಯ ಮುಖವನ್ನೇ ನೋಡದೆ ಕಳ್ಳದಾರಿಯಲ್ಲಿ ನುಸುಳಿಬಿಡುತ್ತಿತ್ತು. ಬಣ್ಣಗಾರನಿಗೆ ಥಟ್ಟನೆ ಅರ್ಥವಾಗಿತ್ತು. ನೀಲಿ ತೊಟ್ಟಿಯಿಂದ ಹಸಿರಾಗಿ ಏಳುವ ನೂಲು ಕೂಡ ಗಾಳಿ ತಾಗಿದ ಮೇಲೆ ತಾನೇ ನೀಲಿಯಾಗುವುದು.

ನರ್ಸ್ ಪರದೆ ಎಳೆದರು. ಬೆಳಗಿನ ಬಿಸಿಲು ಹಾಸಿಗೆಯ ಮೇಲೆ ಬಿತ್ತು. ತುಟಿ ಕೆಂಪಗಿತ್ತು. ಎಷ್ಟೋ ಬಗೆಯ ಕೆಂಪು ಕಂಡವನಿಗೆ ಈ ಕೆಂಪಿಗೆ ಹೆಸರೇ ಹೊಳೆಯಲಿಲ್ಲ. ಸಂತೋಷಕ್ಕೆ ಕಣ್ಣು ತುಂಬಿ ಬಂತು.

"ಈಗ್ಲಾದ್ರೂ ಒಪ್ಪಿಗೆ ಆಯ್ತೇನ್ರೀ, ಇಲ್ಲಾ ಒಗೆದು ನೋಡ್ಬೇಕಾ?" ಎಂದು ಹೆಂಡತಿ ಮೂಗೊರೆಸಿಕೊಳ್ಳುತ್ತ ನಕ್ಕಳು.

ಮಾತಿಗೆ ಮಗಳು ಕಣ್ಣು ಬಿಟ್ಟಳು. ಅಪ್ಪನದೂ ತನ್ನದೂ ಒಂದೇ ಬಣ್ಣದ ಉಗುರು ಎಂದು ಓಣಿಯ ಮಕ್ಕಳ ಮುಂದೆಲ್ಲ ಜಂಬ ಕೊಚ್ಚಿಕೊಂಡವಳು ಅವಳು. ಮೆಲ್ಲಗೆ ತನ್ನ ಕೈಯನ್ನು ಅಪ್ಪನ ಕೈ ಪಕ್ಕಕ್ಕಿಟ್ಟು ನೋಡಿದಳು. ಮುಖ ಸಣ್ಣದಾಯಿತು.

"ಅಪ್ಪ, ನನ್ನ ಬಣ್ಣ ಬಿಟ್ಟೋಯ್ತು."

ಆ ದೂರನ್ನು ಯಾವ ಗಿರಾಕಿಯ ಬಾಯಲ್ಲಿ ಕೇಳಿದರೂ ಕೆಂಡವಾಗುತ್ತಿದ್ದ ಬಣ್ಣಗಾರ ಗಟ್ಟಿಯಾಗಿ ನಕ್ಕುಬಿಟ್ಟ. ಅವಳ ಪುಟ್ಟ ಕೈಯನ್ನು ತನ್ನ ನೀಲಿ ಬೆರಳುಗಳಲ್ಲಿ ಹಿಡಿದು ಬಿಸಿಲಿಗೆ ಎತ್ತಿದ.