ಕೂತವರ ಒಳಅಂಗಿ

ಬುಗುರಿ ಕನ್ನಡಿಯ ಮುಂದೆ ನಿಂತು ಮತ್ತೊಮ್ಮೆ ಎಲ್ಲವನ್ನೂ ಬಿಚ್ಚಿ ಹಾಕಿದಳು. ಮಂಚದ ಮೇಲೆ ಗುಡ್ಡೆ ಬಿದ್ದಿತ್ತು: ಗಂಡನ ಹತ್ತಿ ಬನಿಯನ್, ಓರಗಿತ್ತಿ ತಾನು ಕೆಲಸ ಮಾಡುವ ಬಟ್ಟೆಯಂಗಡಿಯಿಂದ ತಂದ ಥರ್ಮಲ್, ಅತ್ತೆ ಪೆಟ್ಟಿಗೆಯ ತಳದಿಂದ ಎಳೆದುಕೊಟ್ಟ ಉದ್ದ ತೋಳಿನ ಉಣ್ಣೆಯ ಒಳಅಂಗಿ.

ಅವಳ ಹೆಸರು ಬುಗುರಿಯಲ್ಲ. ಆದರೆ ಮನೆಯಲ್ಲೂ ಕಾರ್ಖಾನೆಯಲ್ಲೂ ಬೇರೆ ಹೆಸರಿನಿಂದ ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಕೂತಲ್ಲಿ ಕೂರದ ಜೀವ. ಊಟಕ್ಕೆ ಕೂತರೂ ನಡುವೆ ಎದ್ದು ಕಿಟಕಿ ಹಾಕಿ ಬರುವವಳು. ನಾಳೆ ಬೆಳಗಿನಿಂದ ಕತ್ತಲಾಗುವವರೆಗೆ ಕೊರೆಯುವ ಚಳಿಯಲ್ಲಿ ಕಾರ್ಖಾನೆಯ ಗೇಟಿನ ಮುಂದೆ ಕದಲದೆ ಕೂರಬೇಕಾದವಳು ಇವಳೇ.

ಥರ್ಮಲ್ ತೊಟ್ಟು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ನಡೆದಳು. ಕೈ ಮೇಲೆತ್ತಿದಳು, ಸೊಂಟ ತಿರುಗಿಸಿದಳು.

"ಹಿಡಿಯುತ್ತೆ ಕಣೆ. ಉಸಿರಾಡೋಕೂ ನಿನ್ನ ಅಂಗಡಿಯವರನ್ನ ಕೇಳಬೇಕು."

"ಇದೊಂದೇ ಅಳತೆ ಉಳಿದಿದ್ದು ಅಕ್ಕ. ಬಿಗಿಯಾದ್ರೆ ರಕ್ತ ಓಡಲ್ಲ, ಮೈ ಬೇಗ ತಣ್ಣಗಾಗುತ್ತೆ. ತೆಗೆದುಬಿಡು," ಎಂದಳು ಓರಗಿತ್ತಿ. "ಆ ಉಣ್ಣೇದು ಹಾಕ್ಕೋ. ಮೈಗೆ ತಾಗೋ ಹಾಗೆ."

ಬುಗುರಿ ಅದನ್ನು ತಲೆಯಿಂದ ಇಳಿಸಿಕೊಂಡವಳೇ ಕುಣಿದಾಡಿದಳು. "ಅಯ್ಯಪ್ಪಾ! ಮುಳ್ಳುಹಂದಿ ತಬ್ಬಿಕೊಂಡ ಹಾಗಿದೆ. ಅತ್ತೆ, ಇದನ್ನ ಹಾಕ್ಕೊಂಡು ಹೇಗೆ ಬದುಕಿದ್ರಿ?"

"ನಿನ್ನ ಮಾವನ ಜೊತೆ ಬದುಕಿದವಳಿಗೆ ಉಣ್ಣೆ ಚುಚ್ಚುತ್ತೇನೇ?" ಎಂದರು ಅತ್ತೆ.

ಕೊನೆಗೆ ಬುಗುರಿಯೇ ರಾಜಿ ಮಾಡಿದಳು. ಒಳಗೆ ಹತ್ತಿ ಬನಿಯನ್, ಅದರ ಮೇಲೆ ಉಣ್ಣೆ. ಮತ್ತೆ ಬಾಗಿಲಿನವರೆಗೆ ಹೋಗಿ ಬಂದಳು. ಮುಖ ಅರಳಿತು. ಹಾಯಾಗಿದೆ, ಬೆಚ್ಚಗಿದೆ, ಚುಚ್ಚುವುದಿಲ್ಲ.

"ನಡೆದಾಡಿದ್ರೆ ಗೋಣಿಚೀಲವೂ ಬೆಚ್ಚಗಿರುತ್ತೆ," ಎಂದರು ಅತ್ತೆ. "ಒಂದು ಗಳಿಗೆ ಕೂತು ನೋಡೇ."

"ಕೂರೋಕೆ ನಾಳೆ ಇಡೀ ದಿನ ಇದೆಯಲ್ಲ ಅತ್ತೆ."

"ಹತ್ತಿ ಒದ್ದೆಯಾದ್ರೆ ಒಣಗಲ್ಲ ಅಕ್ಕ. ಬೆವರಬೇಡ ಮತ್ತೆ," ಎಂದಳು ಓರಗಿತ್ತಿ.

"ಈ ಚಳೀಲಿ ಬೆವರೋಕೆ ನಾನೇನು ಇಟ್ಟಿಗೆ ಗೂಡಾ?"

ಬಟ್ಟೆಯನ್ನು ನಡೆದು ನೋಡುವುದು ಅವಳೊಬ್ಬಳ ಚಾಳಿಯಲ್ಲ. ಆ ಫ್ಯಾನ್ ಕಾರ್ಖಾನೆಯ ಹೆಂಗಸರೆಲ್ಲ ಹಾಗೆಯೇ. ತಾಮ್ರದ ತಂತಿ ಸುತ್ತುವ ಆ ಉದ್ದನೆಯ ಕೋಣೆಯಲ್ಲಿ ಒಂದು ಕುರ್ಚಿ ಇರಲಿಲ್ಲ, ಒಂದು ಮಣೆ ಇರಲಿಲ್ಲ. ಕೂತರೆ ಕೈ ನಿಧಾನವಾಗುತ್ತದೆಂದು ಮೇಲಿನವರ ಲೆಕ್ಕ. ಬಸುರಿ ಗೋಡೆಗೆ ಬೆನ್ನು ಕೊಟ್ಟರೂ "ಏಳು, ಏಳು" ಎಂಬ ಕೂಗು. ವರ್ಷಗಟ್ಟಲೆ ನಿಂತು ದುಡಿದವರಿಗೆ ಕೂರುವ ಮೈ ಹೇಗಿರುತ್ತದೆಂಬುದೇ ಮರೆತಿತ್ತು.

ಈಗ ಮಾಲೀಕರು ಹೇಳದೆ ಕೇಳದೆ ಕಾರ್ಖಾನೆಗೆ ಬೀಗ ಹಾಕಿ, ಯಂತ್ರಗಳನ್ನು ಬೇರೆಡೆಗೆ ಸಾಗಿಸಲು ಹೊರಟಿದ್ದರು. ಯಂತ್ರ ಹೋದರೆ ಕೆಲಸವೂ ಹೋಯಿತು, ಕೇಳಲು ಒಂದು ಬಾಗಿಲೂ ಉಳಿಯುವುದಿಲ್ಲ. ನಾಳೆ ಲಾರಿಗಳು ಬರುತ್ತವೆ. ನಾಳೆಯೇ ಕೋರ್ಟಿನಲ್ಲಿ ವಿಚಾರಣೆ. ಅದು ಮುಗಿಯುವವರೆಗೆ ಗೇಟು ತೆರೆಯದಂತೆ ತಡೆಯಬೇಕು. ಗೇಟಿನೆದುರು ಹಗ್ಗ ಕಟ್ಟಿದ ಜಾಗದಲ್ಲಿ ಐದು ಜನ 'ಕುಳಿತು' ಪ್ರತಿಭಟಿಸಬಹುದೆಂದು ಪೊಲೀಸರ ಅಪ್ಪಣೆ ಇತ್ತು. ಆ 'ಕುಳಿತು' ಎಂಬ ಮಾತನ್ನು ಇನ್ಸ್‌ಪೆಕ್ಟರ್ ಹಿಂದಿನ ದಿನವೇ ಬಿಡಿಸಿ ಹೇಳಿದ್ದ: "ಕೂತಿರೋವರೆಗೂ ಜಾಗ ನಿಮ್ಮದು. ಒಬ್ಬರು ಎದ್ದರೂ ನಮ್ಮದು. ನೀರು ಬೇಕು, ಬಯಲಿಗೆ ಹೋಗಬೇಕು ಅಂತೆಲ್ಲ ನನ್ನ ಕೇಳಬೇಡಿ."

ಒಳಗಿದ್ದಾಗ ಕೂತರೆ ತಪ್ಪು, ಹೊರಗೆ ಬಂದ ಮೇಲೆ ಎದ್ದರೆ ತಪ್ಪು. ಬಡವರ ಮಂಡಿಗೂ ಕಾನೂನು ಬರೆಯುವ ಜನ ಇವರು.

ಬೆಳಿಗ್ಗೆ ಬುಗುರಿ ಬನಿಯನ್, ಉಣ್ಣೆ, ಸ್ವೆಟರ್, ಕೋಟು, ಶಾಲು ಎಲ್ಲವನ್ನೂ ಮನೆಯಲ್ಲೇ ಹೇರಿಕೊಂಡು ಹೊರಟಳು. ಬಸ್ಸಿಗೆ ನಿಂತು ಕಾಯುವುದು ಅವಳಿಂದಾಗಲಿಲ್ಲ. ಮುಂದಿನ ನಿಲ್ದಾಣದಲ್ಲಿ ಹತ್ತೋಣವೆಂದು ನಡೆದಳು. ಅಲ್ಲಿಂದ ಅದರ ಮುಂದಿನದಕ್ಕೆ. ಮೇಲುಸೇತುವೆ ಹತ್ತಿ ಇಳಿದಳು. ಎಲ್ಲಿ ಲಾರಿಗಳು ತನಗಿಂತ ಮೊದಲೇ ಬಂದುಬಿಡುತ್ತವೋ ಎಂದು ಕೊನೆಗೆ ಓಡಿಯೇಬಿಟ್ಟಳು. ಗೇಟು ಮುಟ್ಟಿದಾಗ ಕೆನ್ನೆ ಕೆಂಡವಾಗಿತ್ತು.

"ನೋಡ್ರೇ, ಚಳಿ ಎಲ್ಲಿದೆ?" ಎಂದು ಹಗ್ಗ ದಾಟಿ, ಮಡಿಸಿದ ರಟ್ಟಿನ ಮೇಲೆ ಕೂತಳು.

"ಬುಗುರಿ ಕೂತಳು! ಇವತ್ತು ಹಿಮ ಬೀಳುತ್ತೆ," ಎಂದಳು ಪಕ್ಕದ ರೇಡಿಯೋ. ಬಾಯಿ ಮುಚ್ಚದ ಕಾರಣಕ್ಕೆ ಆಕೆಗೆ ಆ ಹೆಸರು. "ಹುಟ್ಟಿದಾಗಿಂದ ಗಾಳಿ ಯಂತ್ರ ಮಾಡಿದ್ವಿ ಕಣ್ರೇ. ಗಾಳಿ ಇವತ್ತು ನಮ್ಮನ್ನ ಮಾತಾಡಿಸೋಕೆ ಬಂದಿದೆ."

ಮೂರು ಲಾರಿಗಳು ಬಂದು ಹಗ್ಗದಾಚೆ ಸಾಲಾಗಿ ನಿಂತವು. ಎಂಜಿನ್ ಆರಿಸಲಿಲ್ಲ. ಗುರುಗುಟ್ಟುತ್ತ, ಹೊಗೆ ಉಗುಳುತ್ತ, ಆಗೊಮ್ಮೆ ಈಗೊಮ್ಮೆ ಹಾರನ್ ಹೊಡೆಯುತ್ತ ನಿಂತವು. ಪ್ರತಿ ಹಾರನ್ನಿಗೂ ಬುಗುರಿಯ ಮಂಡಿ ತಾನಾಗಿ ಎದ್ದೇಳಲು ನೋಡುತ್ತಿತ್ತು. ರೇಡಿಯೋ ಅದನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದಳು.

ಚಳಿ ಹೊರಗಿನಿಂದ ಬರಲಿಲ್ಲ. ಒಳಗಿನಿಂದ ಬಂತು. ಮೊದಲು ಬೆನ್ನಿನ ನಡುವೆ ತಣ್ಣನೆಯ ಒಂದು ಕೈ ಇಟ್ಟಂತಾಯಿತು. ಓಡಿ ಬಂದ ಬೆವರನ್ನೆಲ್ಲ ಕುಡಿದಿದ್ದ ಬನಿಯನ್ ಈಗ ಮೈಗೆ ಮೆತ್ತಿಕೊಂಡು ಮಂಜಿನ ಹಾಳೆಯಾಗಿತ್ತು. ಅದರ ಮೇಲಿನ ಉಣ್ಣೆ, ಸ್ವೆಟರ್, ಕೋಟು ಎಲ್ಲ ಸೇರಿ ಆ ತಂಪನ್ನೇ ಜೋಪಾನ ಮಾಡುತ್ತಿದ್ದವು. ಹಲ್ಲು ಕಟಕಟಿಸಿತು. ಎದ್ದು ಹತ್ತು ಹೆಜ್ಜೆ ಹಾಕಿದರೆ ಸಾಕು, ಸರಿಹೋಗುತ್ತದೆ. ಮೈಯ ಪ್ರತಿ ಎಲುಬೂ ಅದನ್ನೇ ಹೇಳುತ್ತಿತ್ತು. ಹತ್ತು ಹೆಜ್ಜೆ.

ಮ್ಯಾನೇಜರ್ ಗೇಟಿನ ಚಿಕ್ಕ ಬಾಗಿಲಿನಿಂದ ಹೊರಬಂದ. ಕೈಯಲ್ಲಿ ಹಬೆಯಾಡುವ ಚಹಾ.

"ಯಾಕಮ್ಮಾ ಹೀಗೆ ನಡುಗ್ತೀಯ? ಬಾ, ಒಳಗೆ ಹೀಟರ್ ಇದೆ. ಕುರ್ಚೀಲಿ ಕೂತು ಮಾತಾಡೋಣ."

"ಒಳಗೆ ಕುರ್ಚಿ ಬಂತಾ ಸಾರ್?" ಎಂದಳು ರೇಡಿಯೋ. "ಯಾವಾಗ ಹೆತ್ರಿ?"

ಹೆಂಗಸರು ನಕ್ಕರು. ಬುಗುರಿಗೆ ನಗಲಾಗಲಿಲ್ಲ. ಅವಳ ಒಂದು ಕೈ ಆಗಲೇ ನೆಲಕ್ಕೆ ಊರಿತ್ತು. ಇನ್ಸ್‌ಪೆಕ್ಟರ್ ಅದನ್ನೇ ನೋಡುತ್ತಿದ್ದ.

ಅಷ್ಟರಲ್ಲಿ ಅಂಗಡಿಗೆ ಹೊರಟಿದ್ದ ಓರಗಿತ್ತಿ ದಾರಿಯಲ್ಲಿ ನೋಡಿಕೊಂಡು ಹೋಗಲೆಂದು ಬಂದಳು. ಅಕ್ಕನ ತುಟಿಯ ಬಣ್ಣ ಕಂಡಿದ್ದೇ ಅವಳಿಗೆ ಎಲ್ಲ ಅರ್ಥವಾಯಿತು. ಹಗ್ಗ ದಾಟಲು ಬಂದವಳನ್ನು ಪೇದೆಯೊಬ್ಬ ಲಾಠಿ ಅಡ್ಡ ಹಿಡಿದು ತಡೆದ. ಅಲ್ಲಿಂದಲೇ ಕಿರುಚಿದಳು:

"ಓಡ್ಕೊಂಡು ಬಂದ್ಯಾ ಅಕ್ಕ? ಬನಿಯನ್ ಒದ್ದೆಯಾಗಿದೆ! ಅದನ್ನ ಬಿಚ್ಚಿ ಬಿಸಾಕು!"

"ಹೇ, ಬಾಯಿ ಮುಚ್ಚೇ! ಬೀದೀಲಿ ಏನು ಮಾತಾಡ್ತೀಯ!"

"ಮಾನ ಆಮೇಲೆ. ಉಣ್ಣೆ ಮೈಗೆ ತಾಗಬೇಕು. ಬಿಚ್ಚು ಅಂದ್ರೆ ಬಿಚ್ಚು!"

ಇಡೀ ಬೀದಿಗೆ ಕೇಳಿಸಿತು. ಲಾರಿಯ ಡ್ರೈವರು ಕಿಟಕಿಯಿಂದ ಕತ್ತು ಹೊರಹಾಕಿದ. ಬುಗುರಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ತಲೆ ತಗ್ಗಿಸಿದಳು. ತಗ್ಗಿಸಿದ ಕಣ್ಣಿಗೆ ಗೇಟಿನ ಬುಡದ ಹಳದಿ ಗೆರೆ ಕಂಡಿತು. ಪ್ರತಿ ಸಂಜೆ ಆ ಗೆರೆಯ ಮೇಲೆ ಹೆಂಗಸರನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ತಾಮ್ರದ ತಂತಿ ಕದ್ದಿರಬಹುದೆಂದು ಸೊಂಟ, ಕಂಕುಳು, ರವಿಕೆಯ ಅಂಚು ತಡಕಾಡುತ್ತಿದ್ದರು. ಇದೇ ಮ್ಯಾನೇಜರ್ ಇದೇ ಥರ ಚಹಾ ಕುಡಿಯುತ್ತ ನೋಡುತ್ತಿದ್ದ. ಆಗ ಎಲ್ಲಿತ್ತು ಇವರಿಗೆ ಹೆಣ್ಣಿನ ಮಾನ?

"ಶಾಲು ಹಿಡೀರೇ," ಎಂದಳು ಬುಗುರಿ.

ನಾಲ್ವರೂ ಕೂತಲ್ಲಿಂದಲೇ ತೆವಳಿ ಹತ್ತಿರ ಬಂದರು. ಶಾಲುಗಳು ಬಿಚ್ಚಿಕೊಂಡವು, ಕೈಗಳು ಮೇಲೆದ್ದವು. ಗೇಟಿನ ಮುಂದೆ ಒಂದು ಗಿಡ್ಡ ಗುಡಾರ ಎದ್ದಿತು.

ಇನ್ಸ್‌ಪೆಕ್ಟರ್ ಧಾವಿಸಿ ಬಂದ. "ಏನ್ರೀ ಅದು? ಏಳೋ ಹಾಗಿಲ್ಲ ಅಂತ ಹೇಳಿದ್ದೀನಿ!"

"ಏಳ್ತಾ ಇಲ್ಲ ಸಾರ್, ಬಿಚ್ತಾ ಇದ್ದೀವಿ," ಎಂದಳು ರೇಡಿಯೋ. "ಬಿಚ್ಚಬಾರದು ಅಂತ ಹೇಳಿದ್ರಾ?"

ಆತ ಗಕ್ಕನೆ ನಿಂತ. ಕಿವಿ ಕೆಂಪಾಯಿತು. "ಎಲ್ಲ ಆ ಕಡೆ ತಿರುಗ್ರೋ!" ಎಂದು ಪೇದೆಗಳ ಮೇಲೆ ರೇಗಿದ. ಪೇದೆಗಳು ಹಗ್ಗಕ್ಕೆ ಬೆನ್ನು ಹಾಕಿದರು. ಡ್ರೈವರು ಕತ್ತು ಒಳಗೆಳೆದುಕೊಂಡ.

ಗುಡಾರದೊಳಗೆ ಬೆರಳುಗಳು ಗುಂಡಿ ಹಿಡಿಯಲಾರದೆ ತಡವರಿಸಿದವು. ಕೋಟು, ಸ್ವೆಟರ್, ಉಣ್ಣೆ. ಕೊನೆಗೆ ಚರ್ಮ ಸುಲಿದಂತೆ ಬನಿಯನ್ ಬಂತು. ಬರಿಮೈಗೆ ಗಾಳಿ ಚಾಟಿ ಬೀಸಿತು. ಅವಳ ಬಾಯಿಂದ ಹೊರಟದ್ದು ಚೀತ್ಕಾರವೋ ಬೈಗುಳವೋ ಯಾರಿಗೂ ತಿಳಿಯಲಿಲ್ಲ. ಉಣ್ಣೆಯನ್ನು ಮತ್ತೆ ತಲೆಯಿಂದ ಇಳಿಸಿದಳು. ಸಾವಿರ ಸೂಜಿ ಒಟ್ಟಿಗೆ ಇಳಿದವು. ಮುದ್ದೆಯಾದ ಬನಿಯನ್ನನ್ನು ಓರಗಿತ್ತಿಯ ಕಡೆಗೆಂದು ಎಸೆದಳು. ಗುರಿ ತಪ್ಪಿತೋ ಇಲ್ಲವೋ, ಅದು ಹೋಗಿ ಮ್ಯಾನೇಜರನ ಪಾಲಿಶ್ ಬೂಟಿನ ಮೇಲೆ ಪಚಕ್ಕೆಂದು ಬಿತ್ತು.

"ತಡಕಿ ನೋಡಿ ಸಾರ್!" ಗುಡಾರದೊಳಗಿಂದ ಬುಗುರಿ ಕೂಗಿದಳು. "ತಂತಿ ಇದೆಯಾ?"

ಮ್ಯಾನೇಜರ್ ಕಾಲು ಝಾಡಿಸಿದ. ಚಹಾ ತುಳುಕಿತು. ಚಿಕ್ಕ ಬಾಗಿಲು ಧಡಾರನೆ ಮುಚ್ಚಿಕೊಂಡಿತು.

ಬಿಸಿ ಒಮ್ಮೆಲೇ ಬರಲಿಲ್ಲ. ಬಹಳ ಹೊತ್ತು ಮೈ ನಡುಗುತ್ತಲೇ ಇತ್ತು, ತುರಿಸುತ್ತಲೇ ಇತ್ತು. ರೇಡಿಯೋ ಅವಳ ಬೆನ್ನನ್ನು ತನ್ನ ಬೆನ್ನಿಗೆ ಆನಿಸಿಕೊಂಡಳು. ಓರಗಿತ್ತಿ ಅಂಗಡಿಗೆ ಹೋಗಲಿಲ್ಲ. ಹಗ್ಗದಾಚೆ ನಿಂತು, "ಬೆರಳು ಆಡಿಸು ಅಕ್ಕ, ಕಾಲ್ಬೆರಳು," ಎನ್ನುತ್ತಲೇ ಇದ್ದಳು. ಬುಗುರಿ ಬೂಟಿನೊಳಗೆ ಬೆರಳುಗಳನ್ನು ಮಡಿಸಿದಳು, ಬಿಡಿಸಿದಳು. ಹಾಗೆ ಕೂತಲ್ಲೇ ಊರೆಲ್ಲ ನಡೆದಳು.

ಹೊತ್ತು ಇಳಿಯುವಾಗ ಇನ್ಸ್‌ಪೆಕ್ಟರನ ಫೋನು ಬಡಿದುಕೊಂಡಿತು. ಆತ ದೂರ ಹೋಗಿ ಮಾತಾಡಿ ಮರಳಿ ಬಂದ.

"ಮುಂದಿನ ವಿಚಾರಣೆವರೆಗೂ ಯಂತ್ರ ಮುಟ್ಟಬಾರದಂತೆ. ಆಯ್ತಲ್ಲ? ಎದ್ದೇಳಿ ಇನ್ನು."

ಹೆಂಗಸರು ಪರಸ್ಪರ ಮುಖ ನೋಡಿಕೊಂಡರು. ಬುಗುರಿಯ ಎರಡು ಮಂಡಿಗಳೂ ನೋಯುತ್ತಿದ್ದವು, ಏಳಲು ಹಾತೊರೆಯುತ್ತಿದ್ದವು.

"ಮುಟ್ಟಬಾರದಂತೆ," ಎಂದಳು ಅವಳು. "ಅಂತೆ ಕಂತೆ ನಂಬಿ ಏಳೋಕಾಗಲ್ಲ ಸಾರ್. ಲಾರಿ ಹೋಗ್ಲಿ ಮೊದಲು."

ಆತ ಡ್ರೈವರುಗಳತ್ತ ಕೈ ಬೀಸಿದ. ಮೊದಲನೆಯ ಲಾರಿ ಹಿಂದೆ ಸರಿದು ತಿರುಗಿತು. ಎರಡನೆಯದು ಅದರ ಹಿಂದೆ ಹೊರಟಿತು. ಮೂರನೆಯದರ ಡ್ರೈವರು ಕೆಳಗಿಳಿದು ಟೈರಿಗೆ ಒದ್ದು, ಬೀಡಿ ಹಚ್ಚಿದ.

"ಏಳೋಣವೇನೇ?" ಎಂದಳು ರೇಡಿಯೋ.

"ಆ ಮಹಾರಾಯ ಇನ್ನೂ ಗಾಡಿ ಹತ್ತಿಲ್ಲ ನೋಡು," ಎಂದಳು ಬುಗುರಿ, ರಟ್ಟನ್ನು ಕೆಳಗೆ ಸರಿಮಾಡಿಕೊಳ್ಳುತ್ತ.