ಕೂರುವ ಜಾಗ

ದಿವಾಕರ ಕಾರಿನ ಡಿಕ್ಕಿಯಿಂದ ಎತ್ತಿದ್ದ ಉಪ್ಪಿನ ಚೀಲವನ್ನು ಸುಪ್ರೀತಾ ಎರಡೂ ಕೈಯಿಂದ ತಡೆದು ಮತ್ತೆ ಒಳಗೇ ಇಟ್ಟಳು.

"ಉಪ್ಪು ಬ್ಯಾಡ, ಮಾಮಾ."

"ಬ್ಯಾಡ ಅಂದ್ರ? ಉಪ್ಪಿಲ್ಲದ ನಮ್ಮ ಮಂದ್ಯಾಗ ಯಾರ ಮಣ್ಣ ಆಗೇತಿ? ಹೇಗ್ ಊರಿನ ಅಂಗಡ್ಯಾಗ ಇದ್ದಷ್ಟೂ ಕಲ್ಲುಪ್ಪು ಎತ್ತಿಕೊಂಡ ಬಂದೀನಿ."

"ಇಬತ್ತಿ ಹಾಕೂಣು. ಉಪ್ಪು ಗಿಡದ ಬೇರಿಗೆ ಆಗೂದಿಲ್ಲ, ಇಲ್ಲಿ ಬಿಡೂದಿಲ್ಲ. ಅವ್ವಗ ಇದು ಗೊತ್ತಿತ್ತು. ಹೂಂ ಅಂದಿದ್ಲು."

"ಆಕಿ ಎಲ್ಲಾದಕ್ಕೂ ಹೂಂ ಅಂದಾಕಿನ. ನಮ್ಮಕ್ಕನ್ನ ಅಡವ್ಯಾಗ ಬಿಟ್ಟು ಹೋಗಾಕ ಬಂದೀವಲ್ಲ, ಅದಕ್ಕೇನಂತಿ?"

ಸುಪ್ರೀತಾ ಡಿಕ್ಕಿ ಮುಚ್ಚಿದಳು. ಸೋದರಮಾವನ ಜೊತೆ ವಾದ ಮಾಡುವುದಕ್ಕೆ ಅವಳಿಗೆ ಇಡೀ ಆಯುಷ್ಯವಿತ್ತು. ಅವ್ವನಿಗೆ ಈ ಒಂದು ಬೆಳಗು ಮಾತ್ರ.

ಡಚ್ಚರ ನಾಡಿನ ಬೆಸ್ಟ್ ಎಂಬ ಊರಿನ ಆಚೆ, ಓಕ್ ಮತ್ತು ಬೀಚ್ ಮರಗಳ ಈ ಕಾಡಿನೊಳಗೆ ಹೆಣಗಳನ್ನು ಹೂಳಲು ಅನುಮತಿಯಿತ್ತು. ಊರೊಳಗಿನ ಸ್ಮಶಾನಗಳಲ್ಲಿ ಬಾಡಿಗೆಯ ಅವಧಿ ಮುಗಿದರೆ ಸಮಾಧಿ ತೆರವು ಮಾಡುತ್ತಾರೆ. ಇಲ್ಲಿ ಹಾಗಲ್ಲ, ಒಮ್ಮೆ ಮಣ್ಣಿಗೆ ಕೊಟ್ಟರೆ ಕೊಟ್ಟಂತೆಯೇ. ಅದಕ್ಕೆ ಬದಲಾಗಿ ಕಲ್ಲು ನೆಡುವಂತಿಲ್ಲ, ಕಟ್ಟೆ ಕಟ್ಟುವಂತಿಲ್ಲ, ಕೊಳೆಯದ ಯಾವುದನ್ನೂ ಒಳಗಿಡುವಂತಿಲ್ಲ.

ಅವ್ವ ನಾಗಮಣಿ ವಿಲೋ ಮರದ ಕಡ್ಡಿಯಲ್ಲಿ ಹೆಣೆದ ಎತ್ತರದ ಬುಟ್ಟಿಯಲ್ಲಿ ಪದ್ಮಾಸನ ಹಾಕಿ ಕೂತಿದ್ದಳು. ಹತ್ತಿಯ ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಅದೊಂದಕ್ಕೆ ಮಾತ್ರ ಕಾಡಿನವರು ವಿನಾಯಿತಿ ಕೊಟ್ಟಿದ್ದರು. ಶವಾಗಾರದವರು ಕೂರಿಸಿ ಕಳಿಸಲು ಮೊದಲು ಒಪ್ಪಿರಲಿಲ್ಲ. ಸುಪ್ರೀತಾ ಅವರ ಕಚೇರಿಯಲ್ಲೇ ಕೂತಳು, ಅವರು ಒಪ್ಪುವ ತನಕ ಏಳಲಿಲ್ಲ. ಬುಟ್ಟಿಯ ಎರಡೂ ಪಕ್ಕ ಗಳ ಕಟ್ಟಿ ಚೆಂಡುಹೂ ಸುತ್ತಿದ ಮೇಲೆ ಅದು ಊರಿನಲ್ಲಿ ಹೆಣ ಕೂರಿಸಿ ಹೊರುವ ವಿಮಾನದಂತೆಯೇ ಕಂಡಿತು.

"ಎತ್ತೋಣ್ವಾ?" ಎಂದು ಕೇಳಿದವನು ಚಿನ್ಮಯ್ ಹಿರೇಮಠ. ಕೆಲಸಕ್ಕೆ ಸಾಫ್ಟ್‌ವೇರಿನವನು, ಹುಟ್ಟಿನಿಂದ ಜಂಗಮ. ಈ ಊರಿನಲ್ಲಿ ಮಂತ್ರ ಬಲ್ಲವನು ಅವನೊಬ್ಬನೇ.

ಸುಪ್ರೀತಾಳ ಅಪ್ಪ ಸೋಮಶೇಖರ ಒಂದು ಗಳದ ಮುಂದಿನ ತುದಿಗೆ ಹೆಗಲು ಕೊಟ್ಟ. ಪಕ್ಕದ ಗಳಕ್ಕೆ ಸುಪ್ರೀತಾ.

*

ಸುಪ್ರೀತಾ ಇಂಗ್ಲೆಂಡಿನಲ್ಲಿ ಓದುತ್ತಿದ್ದ ವರ್ಷ ಅಪ್ಪ ಅವ್ವ ಇಲ್ಲಿಂದ ಅವಳನ್ನು ನೋಡಲು ಹೋಗಿದ್ದರು. ಮೇ ತಿಂಗಳು. ಅರಮನೆ ತೋರಿಸುತ್ತೇನೆ ಎಂದರೆ ಅವ್ವ, "ಅರಮನಿ ನೋಡಿ ಏನ ಮಾಡೂದೈತಿ, ನೀ ದಿನಾ ಓಡ್ಯಾಡೂ ಜಾಗ ತೋರಸು" ಅಂದಳು. ಹಾಗಾಗಿ ಸುಪ್ರೀತಾ ದಿನಾ ನಡೆಯುತ್ತಿದ್ದ ಹಳ್ಳಿಗಾಡಿನ ಕಾಡಿಗೆ ಹೋದರು. ಅಪ್ಪ ವಾಡಿಕೆಯಂತೆ ಕಾರಿನಲ್ಲೇ ಉಳಿದ.

ಅಗಲ ಎಲೆಯ ಮರಗಳು ಆಗಷ್ಟೇ ಚಿಗುರಿದ್ದವು. ಎಲೆಯಿಂದ ಸೋಸಿ ಬಂದ ಬೆಳಕು ಎಳೆ ಹಸಿರಾಗಿತ್ತು. ನೆಲದ ತುಂಬ ನೀಲಿ ಹೂ. ಕಾಲುಚೀಲದ ಮೇಲೆ ಚಪ್ಪಲಿ ತೊಟ್ಟ ಅವ್ವ ಮಂಡಿನೋವಿನಲ್ಲೂ ಬಿರಬಿರನೆ ನಡೆದಳು. ಮುದಿ ಓಕ್ ಮರವೊಂದರ ಬೇರು ಮಂಚದ ಅಂಚಿನಂತೆ ಎದ್ದಿತ್ತು. ಅದರ ಮೇಲೆ ಕೂತಳು.

ಸುಪ್ರೀತಾ ಬೆರಗಾಗಿ ನಿಂತಳು. ಅವ್ವ ಕೂತದ್ದನ್ನು ಅವಳು ನೋಡಿದ್ದೇ ಅಪರೂಪ. ಬೆಳಿಗ್ಗೆ ಸೂಪರ್‌ಮಾರ್ಕೆಟ್ಟಿನ ಬ್ರೆಡ್ಡಿನ ಕೌಂಟರಿನಲ್ಲಿ ನಿಂತು, ಮನೆಗೆ ಬಂದು ಒಲೆಯ ಮುಂದೆ ನಿಂತು, ರೊಟ್ಟಿ ಬಡಿಯುವಾಗ ನಿಂತು, ಎಲ್ಲರಿಗೂ ಬಡಿಸಿದ ಮೇಲೆ ಕಟ್ಟೆಗೆ ಒರಗಿ ನಿಂತೇ ಉಣ್ಣುವವಳು. ಕೂತರೆ ಯಾರೋ ಕರೆಯುತ್ತಾರೆ ಎಂಬ ಕಿವಿ ಅವಳದು.

ಅಪ್ಪನ ಫೋನು ಬಂತು. ಸುಪ್ರೀತಾ ಅವಸರ ಮಾಡಿದಳು. "ಏಳವ್ವ, ಅಪ್ಪಗ ಹಸಿವ್ಯಾಗೇತಂತ."

"ಕಾರಿನ್ಯಾಗ ಚಪಾತಿ ಅದಾವು, ತಿನ್ನಂತ ಹೇಳು," ಎಂದಳು ಅವ್ವ. ಒಣಗಿದ ಎಲೆಗಳ ಕೆಳಗೆ ಕೈ ತೂರಿಸಿ ಹಿಡಿ ಮಣ್ಣು ತೆಗೆದು ಮೂಸಿ ನೋಡಿದಳು. "ಇಲ್ಲಿ ಯಾರೂ ನನ್ನ ಕರ್ಯೂದಿಲ್ಲ ನೋಡು. ಸತ್ತಾಗ ಇಂಥಲ್ಲಿ ಕುಂದ್ರಸ್ರಿ ನನ್ನ. ಮಲಗಸಬ್ಯಾಡ್ರಿ ಮತ್ತ. ಕುಂದ್ರಬೇಕು."

ನಗುತ್ತಲೇ ಅಂದ ಮಾತು. ಆದರೆ ವರ್ಷಗಳ ನಂತರ ಆಸ್ಪತ್ರೆಯ ಹಾಸಿಗೆಯಲ್ಲಿ ಅದನ್ನೇ ಮತ್ತೆ ಹೇಳಿದಾಗ ಅವಳು ನಗುತ್ತಿರಲಿಲ್ಲ.

*

ಇರುಳೆಲ್ಲ ಸುರಿದ ಮಳೆಗೆ ಕಾಡಿನ ದಾರಿ ಕೆಸರಾಗಿತ್ತು. ಅವ್ವನ ಜೊತೆ ಬ್ರೆಡ್ಡಿನ ಕೌಂಟರಿನಲ್ಲಿದ್ದ ಡಚ್ ಹೆಂಗಸರು ಛತ್ರಿ ಹಿಡಿದು ಹಿಂದೆ ಬರುತ್ತಿದ್ದರು. ಗಳದ ಭಾರಕ್ಕೆ ಸುಪ್ರೀತಾಳ ಹೆಗಲು ಉರಿಯುತ್ತಿತ್ತು. ಗಳದ ಹಿಂದಿನ ತುದಿಯಿಂದ ದಿವಾಕರ, "ಹೆಣ್ಣಮಕ್ಕಳು ಹೊರೂದಲ್ಲ, ಬ್ಯಾರೇದವ್ರು ಬರ್ತಾರ ತಡಿ," ಎಂದ. ಸೋಮಶೇಖರ ತಿರುಗಿ ನೋಡದೆ, "ಹೊರಲಿ ಬಿಡ್ರಿ," ಎಂದ. ಬೆಳಗಿನಿಂದ ಅವನ ಬಾಯಿಂದ ಬಂದ ಮೊದಲ ಮಾತು ಅದು.

ದಿಬ್ಬದ ಮೇಲಿನ ಬೀಚ್ ಮರದ ಕೆಳಗೆ ಗುಂಡಿ ತಯಾರಾಗಿತ್ತು. ಕಾಡು ನೋಡಿಕೊಳ್ಳುವ ಹೆನ್ನಿ ಅದರ ಅಂಚಿನಲ್ಲಿ ಮಂಡಿಯೂರಿದ್ದಳು. ಅವಳು ಎದ್ದು ಬಂದ ರೀತಿಯಲ್ಲೇ ಏನೋ ಸರಿಯಿಲ್ಲ ಎಂದು ಸುಪ್ರೀತಾಳಿಗೆ ತಿಳಿಯಿತು.

ಗುಂಡಿಯ ತಳದಲ್ಲಿ ನೀರು ನಿಂತಿತ್ತು.

ಹೆನ್ನಿ ಡಚ್ಚಿನಲ್ಲಿ ತಗ್ಗಿದ ದನಿಯಲ್ಲಿ ಹೇಳಿದಳು. ಗಾಳಿಗೆ ತಾಡಪಾಲು ಸರಿದಿದೆ, ಇದು ಮೇಲಿನಿಂದ ಬಿದ್ದ ಮಳೆನೀರಾಗಿದ್ದರೆ ತೊಂದರೆಯಿಲ್ಲ. ಆದರೆ ನೆಲದಡಿಯ ನೀರೇ ಏರಿ ಬಂದಿದ್ದರೆ ಇಷ್ಟು ಆಳದಲ್ಲಿ ಹೂಳಲು ಕಾನೂನು ಬಿಡುವುದಿಲ್ಲ. ಅರ್ಧ ಗುಂಡಿ ಮುಚ್ಚಿ, ಮೇಲೆ ಮಲಗಿಸಬೇಕಾಗುತ್ತದೆ.

"ಏನಂತಾಳ?" ಎಂದ ದಿವಾಕರ. ಸುಪ್ರೀತಾ ಕನ್ನಡದಲ್ಲಿ ಹೇಳಿದ ಮೇಲೆ, "ಹಂಗಾರ ಮಲಗಿಸೂಣು. ಹೆಣಾ ಎಷ್ಟೊತ್ತು ಇಟ್ಕೊಂಡು ನಿಲ್ಲೂದು?" ಎಂದ.

"ಇಲ್ಲ," ಎಂದಳು ಸುಪ್ರೀತಾ.

*

ಸೆಪ್ಟೆಂಬರಿನಲ್ಲಿ ಅವಳು ಅವ್ವನನ್ನು ಗಾಲಿಕುರ್ಚಿಯಲ್ಲಿ ಈ ಕಾಡಿಗೆ ಕರೆತಂದಿದ್ದಳು. ಹೆನ್ನಿ ಉದ್ದನೆಯ ತಿರುಪು ಸಲಾಕೆಯನ್ನು ನೆಲಕ್ಕೆ ತಿರುವಿ, ಮಣ್ಣು ಎತ್ತಿ ತೋರಿಸುತ್ತಿದ್ದಳು. ಹೋದಲ್ಲೆಲ್ಲ ತುದಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಈ ದೇಶದಲ್ಲಿ ನೆಲವೆಂದರೆ ನೀರಿನ ಮೇಲಿನ ತೊಗಲು. ಮಲಗಿಸುವುದಾದರೆ ಎಲ್ಲಿ ಬೇಕಾದರೂ ಆದೀತು, ಕೂರಿಸಲು ಆಳ ಬೇಕು, ಬೇರೆ ಏನಾದರೂ ಯೋಚಿಸಿ ಎಂದಳು ಹೆನ್ನಿ.

"ಎತ್ತರದ ಜಾಗ ಇಲ್ಲೇನು?" ಎಂದು ಅವ್ವ ತನ್ನ ಅಂಗಡಿಯ ಡಚ್ಚಿನಲ್ಲೇ ಕೇಳಿದಳು.

ಹಳೆಯ ಮರಳಿನ ದಿಬ್ಬವೊಂದಿತ್ತು, ದಾರಿಯಿರಲಿಲ್ಲ. ಸುಪ್ರೀತಾ ಮತ್ತು ಹೆನ್ನಿ ಕುರ್ಚಿಯನ್ನೇ ಎತ್ತಿಕೊಂಡು ಹತ್ತಿದರು. ಸಲಾಕೆ ಇಳಿಯಿತು, ಇಳಿಯುತ್ತಲೇ ಹೋಯಿತು, ಮೇಲೆ ಬಂದಾಗ ತುದಿಯಲ್ಲಿ ಒಣ ಮರಳಿತ್ತು. ಅವ್ವ ಮೇಲೆ ನೋಡಿ ಬೀಚ್ ಮರದ ನುಣುಪು ಬೊಡ್ಡೆಯನ್ನು ತಟ್ಟಿದಳು. "ಹಿಯರ್ ಜಿಟ್ ಇಕ್ ಖೂತ್," ಎಂದಳು. ಇಲ್ಲಿ ಚೆನ್ನಾಗಿ ಕೂತಿದ್ದೇನೆ. ಊಟದ ಮನೆಯಲ್ಲಿ ಡಚ್ಚರು ಕುರ್ಚಿ ಎಳೆದುಕೊಂಡು ಆಡುವ ಮಾತು. ಹೆನ್ನಿ ಮೊದಲು ನಕ್ಕಳು, ಆಮೇಲೆ ಮುಖ ತಿರುಗಿಸಿ ಸಲಾಕೆ ಒರೆಸಿದಳು.

*

ಸುಪ್ರೀತಾ ಬೂಟು ಕಳಚಿ, ಹೆನ್ನಿಯ ಬಕೆಟ್ ತೆಗೆದುಕೊಂಡು ಗುಂಡಿಗೆ ಇಳಿದಳು. ನೀರು ಮೊಗೆದು ಮೇಲೆ ಕೊಟ್ಟಳು. ಚಿನ್ಮಯ್ ಚೆಲ್ಲಿ ಬಂದ. ಕೊನೆಗೆ ಅಂಗೈಯಿಂದ ಬಳಿದಳು, ಅಲ್ಲಿಗೂ ಉಳಿದದ್ದನ್ನು ಶಾಲಿನಿಂದ ಒರೆಸಿದಳು. ಒದ್ದೆ ಮರಳು ಕಂಡಿತು.

"ಕಾಯೋಣ," ಎಂದಳು ಹೆನ್ನಿ. "ಕೆಳಗಿನ ನೀರಾಗಿದ್ದರೆ ಮತ್ತೆ ಬರುತ್ತದೆ."

ಅಷ್ಟರಲ್ಲಿ ಮಳೆ ಮತ್ತೆ ಹನಿಯತೊಡಗಿತು. ಮಳೆ ಒಳಗೆ ಬಿದ್ದರೆ ಯಾವ ನೀರು ಎಲ್ಲಿಯದೆಂದು ತಿಳಿಯುವುದು ಹೇಗೆ? ಸೋಮಶೇಖರ ಮುಂದೆ ಬಂದ. ತನ್ನ ಛತ್ರಿಯನ್ನು ಬಿಚ್ಚಿ, ಕೈ ಚಾಚಿ, ಗುಂಡಿಯ ಮೇಲೆ ಹಿಡಿದ. ಹೆನ್ನಿ ತಾಡಪಾಲು ಎಳೆದು ವಿಮಾನಕ್ಕೆ ಹೊದಿಸಿದಳು. ಬ್ರೆಡ್ಡಿನ ಕೌಂಟರಿನ ಹೆಂಗಸೊಬ್ಬಳು ಬಂದು ಅವನ ಛತ್ರಿಗೆ ತನ್ನದನ್ನು ಒತ್ತಿ ಹಿಡಿದಳು. ಆಮೇಲೆ ಇನ್ನೊಬ್ಬಳು. ಗುಂಡಿಯ ಮೇಲೆ ಛತ್ರಿಗಳ ಚಪ್ಪರವಾಯಿತು, ಹಿಡಿದವರೆಲ್ಲ ತೊಯ್ದರು. ಕೆಳಗೆ ಸುಪ್ರೀತಾ ಒಂದು ಮೂಲೆಗೆ ಒತ್ತಿ ನಿಂತು, ತನ್ನ ಪಾದಗಳ ನಡುವಿನ ಮರಳನ್ನು ಕಣ್ಣು ಕೀಳದೆ ನೋಡುತ್ತಿದ್ದಳು. ಬಾ, ಬರಬೇಡ, ಎಂದು ಏನನ್ನೂ ಬೇಡಲಿಲ್ಲ. ಬಂದರೆ ಮತ್ತೆ ಮೊಗೆಯುವುದು, ಅಷ್ಟೆ.

ಬಹಳ ಹೊತ್ತಾದರೂ ಮರಳಿನ ಮೇಲೆ ನೀರು ಕಾಣಲಿಲ್ಲ.

ಹೆನ್ನಿ ಬಗ್ಗಿ ಸಲಾಕೆಯನ್ನು ತಳಕ್ಕೆ ತಿರುವಿದಳು. ಎತ್ತಿದಳು. ತುದಿಯ ಮರಳನ್ನು ಬೆರಳಲ್ಲಿ ಉಜ್ಜಿದಳು, ಅದು ಉದುರಿತು.

"ಕೂರಿಸಬಹುದು," ಎಂದಳು.

ಬುಟ್ಟಿಯನ್ನು ಹಗ್ಗದಲ್ಲಿ ಇಳಿಸುವಾಗ ಕೆಳಗೆ ಹಿಡಿಯಲು ಇನ್ನೊಬ್ಬರು ಬೇಕಿತ್ತು. ಚಿನ್ಮಯ್ ಕೋಟು ಬಿಚ್ಚುವಷ್ಟರಲ್ಲಿ ದಿವಾಕರ ಜಾರಿಕೊಂಡೇ ಇಳಿದುಬಿಟ್ಟ. ಹೊಸ ಬೂಟು ಮರಳಿನಲ್ಲಿ ಹೂತಿತು. "ಸಾವಕಾಶ, ಸಾವಕಾಶ, ಆಕಿ ಮಂಡಿ ಸರಿ ಇಲ್ಲ," ಎಂದು ಮೇಲಿನವರನ್ನು ಗದರಿದ. ಗದರಿದ ಮೇಲೆ ತಾನು ಆಡಿದ್ದು ತನಗೇ ಕೇಳಿಸಿ, ಬುಟ್ಟಿಯ ಅಂಚಿಗೆ ಹಣೆ ಹಚ್ಚಿ ಅತ್ತ. ಸುಪ್ರೀತಾ ಅವನ ಬೆನ್ನ ಮೇಲೆ ಕೈಯಿಟ್ಟಳು. ಇನ್ನೊಂದು ಕೈ ಅವ್ವನ ಸೆರಗು ಸರಿಮಾಡುತ್ತಿತ್ತು.

ಇಬ್ಬರೂ ಮೇಲೆ ಹತ್ತಿದ ಮೇಲೆ ಚಿನ್ಮಯ್ ಮಂತ್ರ ಹೇಳಿದ. ವಿಭೂತಿ ಬಿತ್ತು, ಮಣ್ಣು ಬಿತ್ತು. ಕೊನೆಗೆ ಹೆನ್ನಿ ದಂತಾಳೆಯಿಂದ ಸುತ್ತಲಿನ ತರಗೆಲೆಗಳನ್ನು ಎಳೆದು ಹೊದಿಸಿದಳು. ಗಾಳಿ ಬೀಸಿ ಮೇಲಿನಿಂದಲೂ ಒಂದಷ್ಟು ಉದುರಿದವು. ಅಗೆದ ಜಾಗ ಯಾವುದು, ಅಗೆಯದ್ದು ಯಾವುದು ಎಂದು ನೋಡನೋಡುತ್ತಲೇ ಗುರುತು ಹತ್ತದಾಯಿತು.

ಆಗ ದಿವಾಕರನ ಫೋನು ಬಡಿದುಕೊಂಡಿತು. ಹಾವೇರಿಯಿಂದ ರಾಜಮ್ಮ, ನಾಗಮಣಿಯ ಅಕ್ಕ. ಪರದೆಯ ತುಂಬ ಅವಳ ಒಂದು ಕೆನ್ನೆ, ಒಂದು ಕಣ್ಣು.

"ಆತೇನೋ?"

"ಆತಕ್ಕ."

"ಕುಂದ್ರಸೀರಿ ಹೌದಿಲ್ಲೊ?"

"ಕುಂದ್ರಸೀವಿ."

"ಎಲ್ಲೈತಿ, ತೋರಸು."

ದಿವಾಕರ ಫೋನನ್ನು ನೆಲದ ಕಡೆ ತಿರುಗಿಸಿದ. ಎಲೆಗಳು. ಸ್ವಲ್ಪ ಎಡಕ್ಕೆ ಸರಿಸಿದ, ಅಲ್ಲೂ ಅವೇ. ತಬ್ಬಿಬ್ಬಾಗಿ ಸುಪ್ರೀತಾಳನ್ನು ನೋಡಿದ. ಅವಳು ಬೀಚ್ ಮರವನ್ನು ತೋರಿಸಿದಳು.

"ಬರೇ ಗಿಡಾನ ಕಾಣತೈತಲ್ಲೋ," ಎಂದಳು ರಾಜಮ್ಮ.

"ಹೂಂ ಅಕ್ಕ."

ಅವನು ಕೆಸರು ಮೆತ್ತಿದ ಎರಡೂ ಕೈಯಲ್ಲಿ ಫೋನನ್ನು ಹಿಡಿದು, ಬುಡದಿಂದ ಬೊಡ್ಡೆಗೆ, ಬೊಡ್ಡೆಯಿಂದ ಕೊಂಬೆಗೆ, ಇನ್ನೂ ಉದುರದೆ ಉಳಿದ ಕೆಂಪೆಲೆಗಳ ತನಕ ನಿಧಾನ ಎತ್ತಿದ. ಅಲ್ಲೇ ಹಿಡಿದು ನಿಂತ. ಆಮೇಲೆ ರಾಜಮ್ಮ ಮನೆಯೊಳಗಿನವರನ್ನು ಕೂಗುವುದು ಕೇಳಿಸಿತು.

"ಏ, ಎಲ್ಲಾರೂ ಹೊರಗ ಬರ್ರಿ. ನಾಗಿ ಕುಂತಾಳ, ನೋಡ ಬರ್ರಿ."