ಕಾರಿನೊಳಗೆ ಪೇಪರ್ ಓದುವಷ್ಟು ಬೆಳಕು

ಶಾಂತಪ್ಪನವರು ಸೊಸೆಗೆ ಯಾವತ್ತೂ ಬೇಡ ಅಂದವರಲ್ಲ. ಅದೇ ಕಷ್ಟವಾಗಿತ್ತು. ಬೇಡ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಮಡಿಕೇರಿಯ ಕಾಲೇಜೊಂದರಲ್ಲಿ ಸೌಜನ್ಯಳಿಗೆ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿ ಮೂರು ವಾರವಾಗಿತ್ತು. ಈ ಸೋಮವಾರ ಬರದಿದ್ದರೆ ಬೇರೆಯವರನ್ನು ಕರೆಯುತ್ತೇವೆ ಎಂದು ಪ್ರಿನ್ಸಿಪಾಲರು ಫೋನ್ ಮಾಡಿ ಹೇಳಿಯೂ ಆಗಿತ್ತು. ಅವರ ಊರಾದ ಮಾದಾಪುರದಿಂದ ಬಸ್ಸಿತ್ತು. "ಬಸ್ಸು ಯಾಕಮ್ಮ, ಮನೇಲಿ ಕಾರಿಲ್ವಾ?" ಎಂದಿದ್ದರು ಮಾವ. ಕಾರೂ ಇತ್ತು. ಗಂಡ ಕೀರ್ತಿಕುಮಾರ್ ತೀರಿಕೊಂಡ ಮೇಲೆ ಎರಡು ವರ್ಷದಿಂದ ಶೆಡ್ಡಿನಲ್ಲೇ ನಿಂತಿತ್ತು. ಓಡಿಸುವುದನ್ನು ಅವಳಿಗೆ ಅವನೇ ಕಲಿಸಿದ್ದ.

ಮೊದಲ ವಾರ ಮಾವ, "ಬ್ಯಾಟರಿ ಸತ್ತಿದೆಯಲ್ಲಮ್ಮ" ಎಂದರು. ಹೊಸದು ಹಾಕಿಸಿದಳು. ಎರಡನೆಯ ವಾರ, "ಟೈರು ಸವೆದಿದೆ, ಮಳೆಗೆ ಜಾರುತ್ತೆ" ಎಂದರು. ಅದನ್ನೂ ಬದಲಾಯಿಸಿದಳು. ಮೂರನೆಯ ವಾರ ಅವರು ಕಾರಿನ ಬಾಗಿಲು ತೆಗೆದು, ಸುತ್ತ ನೋಡಿ, ಕೊನೆಗೆ ತಲೆಯೆತ್ತಿ ಚಾವಣಿ ನೋಡಿದರು.

"ಒಳಗೆ ಲೈಟೇ ಹತ್ತಲ್ವಲ್ಲ. ಸಂಜೆ ಮಂಜು ಕವಿದಾಗ ಕತ್ತಲೆ ಕಾರಿಗೆ ಒಬ್ಬಳೇ ಹೇಗೆ ಹತ್ತೋದು?"

ಒಳಗಿನ ಎರಡೂ ಬಲ್ಬುಗಳು ಸುಟ್ಟು ಕಪ್ಪಾಗಿದ್ದವು. ಇನ್ನು ಈ ಕಾರಿನಲ್ಲಿ ಕೆಡುವಂಥದ್ದು ಏನೂ ಉಳಿದಿಲ್ಲ ಎಂದುಕೊಂಡಳು ಸೌಜನ್ಯ. ಶನಿವಾರವೇ ಸುಂಟಿಕೊಪ್ಪಕ್ಕೆ ಹೋಗಿ, ದೇರಪ್ಪನ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಎರಡು ಎಲ್‌ಇಡಿ ತಂದಳು.

"ಇದು ಬ್ಯಾಟರಿ ತಿನ್ನಲ್ವಾ?" ಎಂದು ಮಾವ ಕೇಳಿದರು.

"ಇಲ್ಲ ಮಾವ. ಹಗಲೆಲ್ಲ ಉರಿಸಿದ್ರೂ ಏನೂ ಆಗಲ್ಲ." ಅವಳು ಅವಸರದಲ್ಲೇ ಹೇಳಿದಳು, ಇನ್ನೊಂದು ಕಾರಣ ಹುಟ್ಟುವ ಮೊದಲೇ.

ಭಾನುವಾರ ಮಧ್ಯಾಹ್ನ ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ, ಚಾವಣಿಯ ಪ್ಲಾಸ್ಟಿಕ್ ಮುಚ್ಚಳವನ್ನು ಮೆಲ್ಲಗೆ ಮೀಟಿ ತೆಗೆದಳು. ಅತ್ತೆ ಸುಮಿತ್ರಮ್ಮ ಮೊರ ಹಿಡಿದುಕೊಂಡೇ ಶೆಡ್ಡಿಗೆ ಬಂದು ನಿಂತರು.

"ಎಂ.ಎ. ಮಾಡಿದ್ದು ಇದಕ್ಕೇನೇ? ಆ ದೇರಪ್ಪನ್ನೇ ಕರೆಸಬಹುದಿತ್ತು."

"ಇವತ್ತು ಕರೆದ್ರೆ ಅವನು ಬುಧವಾರ ಬರ್ತಾನೆ ಅತ್ತೆ."

"ಬುಧವಾರ ಬಂದ್ರೇನೀಗ?" ಎಂದು ಅತ್ತೆ ಅಕ್ಕಿ ಕೇರುತ್ತಾ ಹೋದರು.

ಹಳೆಯ ಬಲ್ಬುಗಳನ್ನು ಹೋಲ್ಡರಿನಿಂದ ಕಿತ್ತು ಹೊಸವನ್ನು ಕೂರಿಸಿದಳು. ಹತ್ತಲಿಲ್ಲ. ಬಾಗಿಲು ಮುಚ್ಚಿ ತೆಗೆದಳು. ಆಗಲೂ ಇಲ್ಲ. ದೇರಪ್ಪನಿಗೆ ಫೋನ್ ಮಾಡಿದಳು.

"ತಿರುಗಿಸಿ ಹಾಕಿ ಅಕ್ಕ," ಎಂದು ಅವನು ನಕ್ಕ. "ಹಳೇ ಬಲ್ಬು ಹೇಗೆ ಹಾಕಿದ್ರೂ ಉರಿಯೋದು. ಇದಕ್ಕೆ ಸೊಕ್ಕು. ಉಲ್ಟಾ ಹಾಕಿದ್ರೆ ಉರಿಯಲ್ಲ."

ತಿರುಗಿಸಿ ಹಾಕಿದಳು. ಹಾಲು ಚೆಲ್ಲಿದಂತೆ ಬೆಳಕು ಬಿತ್ತು. ಎರಡು ವರ್ಷದ ಧೂಳೆಲ್ಲ ಕಂಡಿತು. ಕೀರ್ತಿಯ ಉದ್ದ ಕಾಲಿಗೆಂದು ಹಿಂದಕ್ಕೆ ಸರಿಸಿದ್ದ ಸೀಟು ಇನ್ನೂ ಹಾಗೇ ಇತ್ತು. ಕೂತರೆ ಅವಳ ಪಾದ ಕ್ಲಚ್ ಮುಟ್ಟಲಿಲ್ಲ. ಸೀಟಿನಡಿಯ ಸರಳನ್ನು ಎತ್ತಿ ಮುಂದಕ್ಕೆ ಎಳೆದುಕೊಂಡಳು. ಕಟಕ್, ಕಟಕ್. ಕಾಲು ಸಿಕ್ಕಿತು. ಏನೂ ಅನ್ನಿಸಲಿಲ್ಲ.

ಪಕ್ಕದ ಬಾಗಿಲು ತೆಗೆದು ಮಾವ ಒಳಗೆ ಕೂತರು. ಕೈಯಲ್ಲಿ ಆವತ್ತಿನ ಪೇಪರ್ ಇತ್ತು. ಕನ್ನಡಕ ಏರಿಸಿ, ಒಳಪುಟದ ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಎರಡು ಸಾಲು ಓದಿದರು.

"ಪರವಾಗಿಲ್ವೇ! ಚೆನ್ನಾಗಿ ಕಾಣುತ್ತೆ. ಸರಿ, ನಾಳೆ ನಾನೂ ಬರ್ತೀನಿ."

"ಎಲ್ಲಿಗೆ ಮಾವ?"

"ಕಾಲೇಜಿಗೆ. ಒಳಗೆ ಬರಲ್ಲಮ್ಮ, ನಿನಗೆ ಮುಜುಗರ ಬೇಡ. ಕಾರಲ್ಲೇ ಕೂತಿರ್ತೀನಿ. ದಿನಾ."

"ಸಂಜೆ ನಾಲ್ಕರ ತನಕ? ಈ ಮಳೆಗಾಲದಲ್ಲಿ, ಆ ಮಂಜಲ್ಲಿ?"

"ಲೈಟಿದೆಯಲ್ಲ. ಪೇಪರ್ ಓದ್ತೀನಿ."

"ಬ್ಯಾಟರಿ ಇಳಿದು ಹೋಗುತ್ತೆ ಮಾವ."

"ಹಗಲೆಲ್ಲ ಉರಿಸಿದ್ರೂ ಏನೂ ಆಗಲ್ಲ ಅಂತ ನೀನೇ ಹೇಳಿದ್ಯಲ್ಲ?"

ಶಾಂತಪ್ಪ ಕನ್ನಡಕ ತೆಗೆದು ಡ್ಯಾಶ್‌ಬೋರ್ಡಿನ ಮೇಲಿಟ್ಟು, ಪೇಪರನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡರು. ಅವಳ ಕಡೆ ನೋಡಲಿಲ್ಲ.

"ಜ್ವರ ಅಷ್ಟೇ ಅಪ್ಪಾಜಿ, ಸಂಜೆಗೆ ಬಂದ್ಬಿಡ್ತೀನಿ ಅಂತ ಕೀರ್ತಿ ಆಸ್ಪತ್ರೆಗೆ ಹೋದ. ನಾನು ಜಗಲೀಲಿ ಕೂತು ಕಾದೆ. ಇನ್ನೊಂದ್ಸಲ ಹಾಗೆ ಕಾಯೋಕೆ ನನ್ನ ಕೈಲಾಗಲ್ಲ ಕಣಮ್ಮ."

ಅವರು ಎದ್ದು ಹೋದರು. ಕನ್ನಡಕ ಡ್ಯಾಶ್‌ಬೋರ್ಡಿನ ಮೇಲೇ ಉಳಿಯಿತು. "ಅದು ಅಲ್ಲೇ ಇರಲಿ, ನಾಳೆ ಬೇಕು" ಎಂದು ಅಂಗಳದಿಂದಲೇ ಕೂಗಿದರು.

ಅವಳು ಚಾವಣಿಯ ದೀಪದ ಮುಚ್ಚಳ ಮತ್ತೆ ತೆಗೆದಳು. ಒಂದು ಎಲ್‌ಇಡಿಯನ್ನು ಬೆರಳುಗಳ ನಡುವೆ ಹಿಡಿದಳು. ಎರಡನ್ನೂ ಉಲ್ಟಾ ಹಾಕಿದರೆ ಸಾಕು. ಓದಲಾಗದಿದ್ದರೆ ಮಾವ ಹೇಗೆ ಕೂತಾರು? ಆದರೆ ದೀಪ ಹತ್ತದಿದ್ದರೆ ಕಾರಿನಲ್ಲಿ ಮತ್ತೆ ಲೈಟಿಲ್ಲ. ಲೈಟಿಲ್ಲದಿದ್ದರೆ ನಾಳೆ ಕಾಲೇಜೂ ಇಲ್ಲ.

ಅಡುಗೆಮನೆಯ ಕಿಟಕಿಯಿಂದ ಅತ್ತೆ ಕೂಗಿದರು: "ಸೌಜನ್ಯಾ, ನಾಳೆ ಬುತ್ತಿಗೆ ಇಬ್ಬರಿಗೂ ಚಿತ್ರಾನ್ನ ಸಾಕೇನೇ?"

"ಸಾಕು ಅತ್ತೆ."

ಬಲ್ಬನ್ನು ಉರಿಯುವ ಕಡೆಗೇ ಕೂರಿಸಿ ಮುಚ್ಚಳ ಒತ್ತಿದಳು. ಆಮೇಲೆ, ಘಾಟಿಯ ತಿರುವಿನಲ್ಲಿ ಜಾರಿ ಬೀಳದಿರಲಿ ಎಂದು, ಕನ್ನಡಕವನ್ನು ಡ್ಯಾಶ್‌ಬೋರ್ಡಿನಿಂದ ತೆಗೆದು ಅವರ ಕಡೆಯ ಬಾಗಿಲಿನ ಜೇಬಿನಲ್ಲಿಟ್ಟಳು.